ಎಡಗಾಲಿನ ಹುಡುಗ, ಎರಡು ಹುಟ್ಟಿದ ತಾರೀಖು: ಒಂದು ಪ್ರಕರಣ

ಶಾಲೆಯ ದಾಖಲೆ ನಂಬುವುದಾದರೆ ಫುಟ್‌ಬಾಲ್ ಆಡುವ ಈ ಹುಡುಗ ಹುಟ್ಟಿದ್ದು ಅವನ ತಾಯಿ ಬಸಿರಾಗುವುದಕ್ಕೂ ಮೊದಲು. ದಾಖಲೆಯ ತಾರೀಖು 1999ರ ಜೂನ್ 1. ನಿಜವಾಗಿ ಹುಟ್ಟಿದ್ದು 2000ನೇ ಇಸವಿಯ ಮಾರ್ಚ್‌ನಲ್ಲಿ, ಶಿವರಾತ್ರಿ ಕಳೆದ ಮೂರನೇ ದಿನ. ಮಧ್ಯೆ ಒಂಬತ್ತು ತಿಂಗಳು ಚಿಲ್ಲರೆ. ಆ ಒಂಬತ್ತು ತಿಂಗಳಿನ ಬೆನ್ನು ಹತ್ತಿ ನಾವು ಎರಡು ವರ್ಷ ಓಡಾಡಿದೆವು. ಓಡಾಡಿದ್ದು ತಪ್ಪು ಅಂತ ಈಗಲೂ ಅನಿಸುವುದಿಲ್ಲ. ಆದರೆ ಆ ಎರಡು ವರ್ಷ ಇನ್ನೇನನ್ನು ಮರೆತಿದ್ದೆವು ಅನ್ನುವುದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಈಗ ನಿವೃತ್ತಿಯಾಗಿದೆ. ಹುಡುಗ ಮತ್ತು ಅವನ ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ, ಕಚೇರಿಗಳ ಹೆಸರು ಬಿಟ್ಟಿದ್ದೇನೆ. ಅವನನ್ನು ಇಲ್ಲಿ ಎಡಚ ಅಂತ ಕರೆಯುತ್ತೇನೆ. ಮೈದಾನದಲ್ಲೂ ಹಾಗೇ ಕರೆಯುತ್ತಿದ್ದರು. ನಮ್ಮ ಕಡೆ ಪ್ರತಿ ಊರಲ್ಲೂ ಒಬ್ಬ ಎಡಚ ಇರುವುದರಿಂದ ಯಾರಿಗೂ ತೊಂದರೆ ಇಲ್ಲ.

ಹಿನ್ನೆಲೆ

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಆಟ ಅಂದರೆ ಕಬಡ್ಡಿ, ವಾಲಿಬಾಲ್, ಈಗೀಗ ಬರೀ ಕ್ರಿಕೆಟ್. ಫುಟ್‌ಬಾಲ್ ಬೇಕಾದರೆ ಕೆಜಿಎಫ್‌ಗೆ ಹೋಗಬೇಕು. ಚಿನ್ನದ ಗಣಿಯ ಜೊತೆ ಬ್ರಿಟಿಷರು ತಂದ ಆಟ ಅದು. ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ಗಣಿ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಚೆಂಡು ಒದೆಯುತ್ತಲೇ ಬೆಳೆದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪಂದಿರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಮಕ್ಕಳು ಮಾತ್ರ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡ) ಪಕ್ಕದ ಬಯಲಲ್ಲಿ ಆಡುತ್ತಲೇ ಇದ್ದರು.

ಎಡಚನ ಸೋದರಮಾವ ಇದ್ದದ್ದು ಅಲ್ಲೇ. ಹುಡುಗನಿಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದು ಅವರಿಂದ. ಶನಿವಾರ ಶಾಲೆ ಬಿಟ್ಟರೆ ಮಾವನ ಮನೆ, ಸೋಮವಾರ ಬೆಳಿಗ್ಗೆ ಮಂಡಿ ಕೆತ್ತಿಕೊಂಡು ವಾಪಸ್. ಅಪ್ಪ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವ ಕೆಲಸ ಮಾಡುತ್ತಿದ್ದರು. ಅಮ್ಮ ಎರಡು ಸೀಮೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು.

ಎಂಟನೇ ಕ್ಲಾಸಿಗೆ ನಮ್ಮ ಶಾಲೆಗೆ ಬಂದಾಗಲೇ ಅವನ ಎಡಗಾಲು ನೋಡಿ ನಾನು ದಂಗಾಗಿದ್ದೆ. ಎಡಬದಿಯ ಬ್ಯಾಕ್, ಅಂದರೆ ಎಡ ಅಂಚು ಕಾಯುವ ರಕ್ಷಣಾ ಆಟಗಾರನಾಗಿ ಆಡುತ್ತಿದ್ದ. ಗೆರೆ ಹಿಡಿದು ಓಡಿ, ನೋಡದೆಯೇ ಚೆಂಡನ್ನು ಗೋಲಿನ ಮುಂದಕ್ಕೆ ತೂರುತ್ತಿದ್ದ. ಹತ್ತರಲ್ಲಿ ಎಂಟು ಸಲ ಅದು ಬೀಳಬೇಕಾದ ಕಡೆಯೇ ಬೀಳುತ್ತಿತ್ತು. ನಾನು ಮೈದಾನದ ಅಂಚಿನಲ್ಲಿ ನಿಂತು ಕೂಗುತ್ತಿದ್ದದ್ದು ಒಂದೇ ಮಾತು: 'ಎಡಗಾಲಿಗೆ ಹಾಕ್ಕೊಳ್ಳೋ!' ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

2013ರ ಡಿಸೆಂಬರ್‌ನಲ್ಲಿ, 2017ರ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯುತ್ತದೆ ಅಂತ ಫಿಫಾ ಘೋಷಿಸಿತು. ಆತಿಥೇಯರಾದ್ದರಿಂದ ನಮಗೆ ಅರ್ಹತಾ ಪಂದ್ಯದ ಗೊಡವೆ ಇಲ್ಲ, ನೇರ ಪ್ರವೇಶ. ಭಾರತ ಫಿಫಾದ ವಿಶ್ವಕಪ್ ಒಂದರಲ್ಲಿ ಆಡುವುದು ಅದೇ ಮೊದಲು. ದೇಶದ ಮೂಲೆ ಮೂಲೆಯಲ್ಲಿ ಹುಡುಗರ ಹುಡುಕಾಟ ಶುರುವಾಯಿತು. ನಿಯಮ ಸರಳ: 2000ನೇ ಇಸವಿ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಒಂದು ದಿನ ಮುಂಚೆ ಹುಟ್ಟಿದ್ದರೂ ಇಲ್ಲ.

ತೊಡಕು ಕಂಡ ದಿನ

2014ರ ನವೆಂಬರ್. ಬೆಂಗಳೂರಿನ ಒಂದು ಶಾಲಾ ಟೂರ್ನಿಗೆ ಹೋಗಿದ್ದೆವು. ಎರಡನೇ ಪಂದ್ಯ ಮುಗಿದ ಮೇಲೆ ಹುಡುಗರನ್ನು ನೋಡಲು ಬಂದಿದ್ದ ಒಬ್ಬರು ನನ್ನ ಹತ್ತಿರ ಬಂದರು. ಎಡಚನ ಬೆನ್ನು ತಟ್ಟಿ ಕೇಳಿದರು, 'ಯಾವ ಇಸವಿಯಪ್ಪಾ ನೀನು?'

'ಎರಡು ಸಾವಿರ ಸಾ. ಶಿವರಾತ್ರಿ ಆಗಿ ಮೂರನೇ ದಿನ.'

ಅವರ ಕೈಯಲ್ಲಿ ಟೂರ್ನಿಯ ಫಾರಂ ಇತ್ತು. ಅದರಲ್ಲಿ ಅದೇ ಬೆಳಿಗ್ಗೆ ನಾನೇ ನನ್ನ ಕೈಬರಹದಲ್ಲಿ 1-6-1999 ಅಂತ ತುಂಬಿದ್ದೆ. ಅವರು ಫಾರಂ ನೋಡಿದರು, ಹುಡುಗನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಸಣ್ಣಗೆ ನಕ್ಕರು. ಆ ನಗುವಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಚೆನ್ನಾಗಿ ಹೇಳಿಕೊಟ್ಟಿದ್ದೀರಿ ಮೇಷ್ಟ್ರೇ, ಫಾರಂ ತಿದ್ದೋದು ಮರೆತಿದ್ದೀರಿ, ಅಷ್ಟೇ.

ಅವರದ್ದು ತಪ್ಪಲ್ಲ. ನಮ್ಮ ದೇಶದ ಕಿರಿಯರ ಕ್ರೀಡೆಯಲ್ಲಿ ವಯಸ್ಸು ಕಡಿಮೆ ತೋರಿಸುವುದು ಹಳೇ ರೋಗ. ಹದಿನೆಂಟರವನು ಹದಿನೈದರವರ ಜೊತೆ ಆಡಿ ಕಪ್ ಹೊತ್ತುಕೊಂಡು ಹೋಗುತ್ತಾನೆ. ಅದನ್ನು ದಿನಾ ನೋಡುವವರಿಗೆ ನಮ್ಮದೂ ಅದೇ ಕಥೆಯಾಗಿ ಕಾಣಿಸಿತು. ಆದರೆ ನಮ್ಮದು ಉಲ್ಟಾ. ಶಾಲೆಯೇ ಹುಡುಗನ ವಯಸ್ಸನ್ನು ಹೆಚ್ಚಿಸಿ ಬರೆದಿತ್ತು.

ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2005ರ ಜೂನ್‌ನಲ್ಲಿ ಅಕ್ಕನ ಕೈ ಹಿಡಿದುಕೊಂಡು ಊರಿನ ಪ್ರಾಥಮಿಕ ಶಾಲೆಗೆ ಬಂದಾಗ ಎಡಚನಿಗೆ ಐದು ವರ್ಷ ಮೂರು ತಿಂಗಳು. ಅಪ್ಪ ಮಂಡಿಯಲ್ಲಿ, ಅಮ್ಮ ಹೊಲದಲ್ಲಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ. ಅಲ್ಲಿದ್ದ ಮೇಷ್ಟ್ರು ಆರು ವರ್ಷ ತುಂಬುವ ಹಾಗೆ ಒಂದು ತಾರೀಖು ಬರೆದುಕೊಂಡು ಮಗುವನ್ನು ಒಳಗೆ ಕೂರಿಸಿದರು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಹಾಗಾಗಿ ಜೂನ್ 1. ಯಾವುದೇ ಹಳ್ಳಿ ಶಾಲೆಯ ಹಳೇ ದಾಖಲಾತಿ ಪುಸ್ತಕ ತೆಗೆದು ನೋಡಿ, ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ. ಆ ತಾರೀಖು ಟಿ.ಸಿ. ಮೂಲಕ ನಮ್ಮ ಶಾಲೆಗೆ ಬಂತು. ನಾನು ಮೂರು ವರ್ಷ ಪ್ರತಿ ಫಾರಂನಲ್ಲೂ ಅದನ್ನೇ ತುಂಬಿದೆ. ಒಮ್ಮೆಯೂ ತಾಯಿಯನ್ನು ಕೇಳಲಿಲ್ಲ.

ಮೊದಲ ದಾರಿ, ಅಡ್ಡದಾರಿ

ವಿಷಯ ಬಾಯಿಂದ ಬಾಯಿಗೆ ಹೋಯಿತು. ಒಂದು ವಾರದಲ್ಲಿ ಒಬ್ಬ ಮಧ್ಯವರ್ತಿ ತಾನಾಗಿಯೇ ಬಂದ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂರುವವನು. 'ಮೂರು ಸಾವಿರ ಕೊಡಿ ಸಾ, 2001ನೇ ಇಸವಿದೇ ಮಾಡಿಸಿಕೊಡ್ತೀನಿ. ಇನ್ನೂ ಒಂದು ವರ್ಷ ಸೇಫು.'

ನಾನು ತಕ್ಷಣ ಬೈದು ಕಳಿಸಿದೆ ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಾಗೆ ಮಾಡಲಿಲ್ಲ. ಎರಡು ದಿನ ಯೋಚಿಸಿದೆ. ಹುಡುಗ ನಿಜವಾಗಿಯೂ 2000ದವನೇ ತಾನೇ, ಕಾಗದ ಸುಳ್ಳಾದರೇನು, ಅನುಕೂಲ ನ್ಯಾಯವಾದದ್ದೇ ಅಲ್ವಾ ಅಂತ ನನಗೆ ನಾನೇ ವಾದ ಹೂಡಿದೆ. ಮೂರನೇ ದಿನ ಅವರ ಮನೆಗೆ ಹೋಗಿ ತಾಯಿಯ ಮುಂದೆ ವಿಷಯ ಇಟ್ಟೆ. ಆಯಮ್ಮ ಹಸುವಿಗೆ ಬೂಸ ಕಲೆಸುತ್ತಿದ್ದರು. ಕೈ ತೊಳೆಯದೆಯೇ ಕೇಳಿದರು:

'ನಿಜ ಇರೋವಾಗ ಸುಳ್ಳಿಗ್ಯಾಕೆ ಸಾ ದುಡ್ಡು ಕೊಡಬೇಕು? ಇವನು ಹುಟ್ಟಿದ್ದು ನನ್ನ ತವರಲ್ಲಿ. ನಮ್ಮಪ್ಪ ಎಲ್ಲಾ ಬರೆಸಿದ್ದಾರೆ.'

ಈ ಪ್ರಕರಣದ ಮೊದಲ ತಿರುವು ಅದು. ಕಾನೂನು ಬಲ್ಲವರು, ಶಾಲೆಯವರು ಯಾರೂ ಕೇಳದ ಪ್ರಶ್ನೆಗೆ ಆಕೆಯ ಹತ್ತಿರ ಉತ್ತರವಿತ್ತು. ಚೊಚ್ಚಲ ಅಲ್ಲದಿದ್ದರೂ ಎರಡನೇ ಹೆರಿಗೆಗೂ ಆಕೆ ತವರಿಗೇ ಹೋಗಿದ್ದರು. ತವರು ಕುಪ್ಪಂ ಕಡೆ, ಅಂದರೆ ಆಂಧ್ರ. ನಾವೆಲ್ಲ ಕೋಲಾರ ಜಿಲ್ಲೆಯ ಕಚೇರಿಗಳಲ್ಲಿ ಹುಡುಕಿ ಇಲ್ಲ ಅಂದುಕೊಂಡಿದ್ದ ಕಾಗದ ಗಡಿಯಾಚೆ ಇತ್ತು. ಬಂಗಾರಪೇಟೆಯಿಂದ ಮದ್ರಾಸ್ ಲೈನಿನಲ್ಲಿ ರೈಲು ಹತ್ತಿದರೆ ಕುಪ್ಪಂ ಏನೂ ದೂರವಲ್ಲ. ಕೆಲಸ, ಮದುವೆ, ಹೆರಿಗೆ ಎಲ್ಲಕ್ಕೂ ಜನ ಆ ಕಡೆ ಈ ಕಡೆ ಓಡಾಡುತ್ತಾರೆ. ದಾಖಲೆಗಳು ಮಾತ್ರ ಓಡಾಡುವುದಿಲ್ಲ.

ಖಾಲಿ ಬಿಟ್ಟ ಅಂಕಣ

2015ರ ಜನವರಿಯಲ್ಲಿ ಸಂಕ್ರಾಂತಿ ಮುಗಿಸಿ ನಾನು, ತಾಯಿ, ಸೋದರಮಾವ ಮೂವರೂ ಹೋದೆವು. ಹಳ್ಳಿಯ ಕಚೇರಿಯಲ್ಲಿ ಹಳೇ ಪುಸ್ತಕ ತೆಗೆಸಲು ಎರಡು ಸಲ ಹೋಗಬೇಕಾಯಿತು. ಎರಡನೇ ಸಲ ಸಿಕ್ಕಿತು. ಗಂಡು ಮಗು. ಹುಟ್ಟಿದ್ದು 7-3-2000. ತಂದೆ ತಾಯಿ ಹೆಸರು ಸರಿ. ನೋಂದಣಿ ಆಗಿದ್ದು ಅದೇ ತಿಂಗಳ 20ಕ್ಕೆ, ಅಂದರೆ ಕಾನೂನು ಹೇಳುವ 21 ದಿನದೊಳಗೆ. ನಾನು ಹಳೇ ಪಂಚಾಂಗ ತಾಳೆ ನೋಡಿದ್ದೆ. 2000ದಲ್ಲಿ ಶಿವರಾತ್ರಿ ಬಿದ್ದದ್ದು ಮಾರ್ಚ್ 4ಕ್ಕೆ. ಮೂರನೇ ದಿನ 7. ತಾಯಿಯ ನೆನಪು ಒಂದು ದಿನವೂ ತಪ್ಪಿರಲಿಲ್ಲ.

ಆದರೆ ಗುಮಾಸ್ತರು ಒಂದು ಅಂಕಣದ ಮೇಲೆ ಬೆರಳಿಟ್ಟು ಹೇಳಿದರು, 'ಪೇರು ಲೇದು ಸಾ.' ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದ ಹದಿಮೂರನೇ ದಿನಕ್ಕೆ ನಮ್ಮ ಕಡೆ ಎಷ್ಟು ಮಕ್ಕಳಿಗೆ ಹೆಸರಿಟ್ಟಿರುತ್ತಾರೆ? ತಾತ ಜವಾಬ್ದಾರಿಯಿಂದ ಬರೆಸಿದ್ದರು. ಆಮೇಲೆ ಹೆಸರು ಸೇರಿಸಬೇಕು ಅನ್ನುವುದು ಅವರಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ವಿಷಯವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೂ ಹುಟ್ಟನ್ನು ದಾಖಲಿಸಬಹುದು. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೂ ದಂಡ ಕಟ್ಟಿ ಸೇರಿಸಬಹುದು, ಆದರೆ ನಿಯಮ ಇಟ್ಟಿರುವ ಗಡುವು ನೋಂದಣಿಯಿಂದ 15 ವರ್ಷ. ನಮ್ಮ ಲೆಕ್ಕದಲ್ಲಿ ಅದು ಮುಗಿಯುವುದು ಮಾರ್ಚ್ 20ಕ್ಕೆ. ನಾವು ಆ ಪುಸ್ತಕದ ಮುಂದೆ ನಿಂತಿದ್ದದ್ದು ಜನವರಿ ಕೊನೆಯಲ್ಲಿ. ಎರಡು ತಿಂಗಳೂ ಉಳಿದಿರಲಿಲ್ಲ. ಫೆಬ್ರವರಿ ಮೂರನೇ ವಾರ ಹೆಸರು ಸೇರಿದ ಪ್ರಮಾಣಪತ್ರ ಕೈಗೆ ಬಂತು. ಸೋದರಮಾವ ಅದನ್ನು ಅಲ್ಲೇ ಲ್ಯಾಮಿನೇಷನ್ ಮಾಡಿಸಿಬಿಟ್ಟರು. ಆಮೇಲೆ ಪ್ರತಿ ಕಚೇರಿಯಲ್ಲೂ 'ಇದಕ್ಯಾಕೆ ಪ್ಲಾಸ್ಟಿಕ್ ಹಾಕಿಸಿದಿರಿ' ಅಂತ ಬೈಸಿಕೊಂಡೆವು. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ದಯವಿಟ್ಟು.

ನಾನು ಸುಮ್ಮನಾದ ತಿಂಗಳು

ಪ್ರಮಾಣಪತ್ರ ಬಂತು, ಇನ್ನೇನು ಅಂದುಕೊಂಡೆವು. ಆದರೆ ಎಡಚ ಆಗ ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಕ್ಕಳ ವಿವರ ಹಿಂದಿನ ವರ್ಷವೇ ಶಾಲೆಯಿಂದ ಹೋಗಿತ್ತು, ಜೂನ್ 1ರ ತಾರೀಖಿನ ಸಮೇತ. ನಾನು ಮುಖ್ಯ ಶಿಕ್ಷಕರ ಹತ್ತಿರ ಹೋದೆ. ಒಳ್ಳೆಯ ಮನುಷ್ಯರೇ. ನಿವೃತ್ತಿಗೆ ಒಂದೂವರೆ ವರ್ಷ ಇತ್ತು.

'ಮೇಷ್ಟ್ರೇ, ಪರೀಕ್ಷೆ ಒಂದು ತಿಂಗಳಿದೆ. ಈಗ ರಿಜಿಸ್ಟರ್ ತಿದ್ದೋದು, ಮೇಲಿನವರಿಗೆ ಬರೆಯೋದು, ಅವರು ಯಾಕೆ ಅಂತ ಕೇಳೋದು. ಹುಡುಗನ ಹಾಲ್ ಟಿಕೆಟ್ ಬರದೇ ಹೋದ್ರೆ? ಮೊದಲು ಪರೀಕ್ಷೆ ಆಗ್ಲಿ.'

ಅವರ ಮಾತಿನಲ್ಲಿ ಅರ್ಥವಿತ್ತು. ಭಯವೂ ಇತ್ತು. ನಾನು ಒಂದು ಲಿಖಿತ ಅರ್ಜಿಯನ್ನಾದರೂ ಕೊಟ್ಟು ಸ್ವೀಕೃತಿ ಪಡೆಯಬೇಕಿತ್ತು. ಕೊಡಲಿಲ್ಲ. ಸಹೋದ್ಯೋಗಿ, ದಿನಾ ಮುಖ ನೋಡಬೇಕು, ಸುಮ್ನೆ ಯಾಕೆ ಮನಸ್ತಾಪ ಅಂತ ಸುಮ್ಮನಾದೆ. ಮೇ ತಿಂಗಳಲ್ಲಿ ಅಂಕಪಟ್ಟಿ ಬಂತು. ಎಡಚ ಪಾಸು, ಗಣಿತದಲ್ಲಿ 38. ಹುಟ್ಟಿದ ತಾರೀಖು 1-6-1999, ಈ ಸಲ ಮಂಡಳಿಯ ಮೊಹರಿನ ಜೊತೆ. ಶಾಲೆಯ ಪುಸ್ತಕದಲ್ಲಿದ್ದಾಗ ಅದು ಒಂದು ತಪ್ಪು ಮಾತ್ರ. ಅಂಕಪಟ್ಟಿಗೆ ಬಂದ ಮೇಲೆ ಅದನ್ನು ಅಲುಗಾಡಿಸಲು ಸಿವಿಲ್ ಕೋರ್ಟ್ ಬೇಕಾಯಿತು. ಕಾಗದದ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಅಂತ ಕೇಳಿದರೆ ಆ ಫೆಬ್ರವರಿಯ ಮೌನ ಅಂತಲೇ ಹೇಳುತ್ತೇನೆ.

ಎರಡೂ ಕಾಗದ ತೋರಿಸಬೇಕಾ?

ಜೂನ್‌ನಲ್ಲಿ ಆ ವಿಶ್ವಕಪ್ ತಂಡದ ಆಯ್ಕೆಗೆ ಕರೆ ಬಂತು. ಹಿಂದಿನ ರಾತ್ರಿ ಅವರ ಮನೆಯ ಜಗಲಿಯಲ್ಲಿ ಕೂತು ಮಾತಾಡಿದೆವು. ಸೋದರಮಾವನ ವಾದ: ಜನನ ಪ್ರಮಾಣಪತ್ರ ಒಂದನ್ನೇ ತೋರಿಸೋಣ, ಅಂಕಪಟ್ಟಿ ಇನ್ನೂ ಬಂದಿಲ್ಲ ಅನ್ನೋಣ. ಅದೇನೂ ಪೂರ್ತಿ ಸುಳ್ಳಲ್ಲ, ಪ್ರಮಾಣಪತ್ರ ಅಸಲಿಯೇ ತಾನೇ? ನನ್ನ ವಾದ: ಎರಡೂ ಕೊಡೋಣ, ಜೊತೆಗೆ ಏನಾಯಿತು ಅಂತ ಒಂದು ಪುಟ ಬರೆದು ಕೊಡೋಣ. ಬೆಂಗಳೂರಿನ ಆ ನಗು ನನ್ನ ತಲೆಯಲ್ಲಿ ಕೂತಿತ್ತು. ಅಪ್ಪ ಅವತ್ತು ಬಾಯಿ ಬಿಟ್ಟಿದ್ದು ಒಂದೇ ಸಲ: 'ಮುಚ್ಚಿಟ್ಟು ಹೋದ್ರೆ ಹುಡುಗ ಆಟ ಆಡ್ತಾನಾ, ಜೇಬು ನೋಡ್ಕೋತಾನಾ?'

ಎರಡೂ ಕೊಟ್ಟೆವು. ನಮ್ಮ ಪತ್ರವನ್ನು ಅಲ್ಲಿಯವರು ಪೂರ್ತಿ ಓದಿದರು ಅನ್ನುವುದೇ ನನಗೆ ಆಶ್ಚರ್ಯ. ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿದರು. ಇದು ಟ್ಯಾನರ್-ವೈಟ್‌ಹೌಸ್ ಅನ್ನುವ ಪದ್ಧತಿ, ಟಿಡಬ್ಲ್ಯು3 ಅಂತ ಕರೆಯುತ್ತಾರೆ. ಕೈ ಮತ್ತು ಮಣಿಕಟ್ಟಿನ ಮೂಳೆಗಳು ಎಷ್ಟು ಬಲಿತಿವೆ ಅಂತ ನೋಡಿ ವಯಸ್ಸು ಅಂದಾಜಿಸುತ್ತಾರೆ. ಫಿಫಾ 2009ರಿಂದ ತನ್ನ 17 ವರ್ಷದೊಳಗಿನವರ ವಿಶ್ವಕಪ್‌ಗೆ ಮಣಿಕಟ್ಟಿನ ಎಂಆರ್‌ಐ ಬಳಸುತ್ತದೆ. ಮುಂಗೈ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಪೂರ್ತಿ ಬೆಸೆದುಕೊಂಡಿದ್ದರೆ ಹುಡುಗ 17 ದಾಟಿದ್ದಾನೆ ಅಂತಲೇ ಲೆಕ್ಕ. ಮೂರು ನಾಲ್ಕು ವರ್ಷ ಕದಿಯುವವರನ್ನು ಹಿಡಿಯಲು ಇವು ಒಳ್ಳೆಯ ಸಾಧನ. ಆದರೆ ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಯ ವಯಸ್ಸಿನಲ್ಲಿ ವರ್ಷದಷ್ಟು ಅಂತರ ಇರುವುದು ಸಹಜ. ನಮ್ಮ ಜಗಳ ಇದ್ದದ್ದು ಒಂಬತ್ತು ತಿಂಗಳಿಗೆ. ಮೂಳೆ ಅದನ್ನು ಹೇಳಲಾರದು. ಪರೀಕ್ಷೆಯಲ್ಲಿ ಎಡಚ ಪಾಸಾದ. ಅಂದರೆ ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ತೋರಲಿಲ್ಲ. ನಿಜ ಹೇಳುತ್ತಿದ್ದಾನೆ ಅಂತಲೂ ಸಾಬೀತಾಗಲಿಲ್ಲ.

ಕೊನೆಗೆ ಅಲ್ಲಿನ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, 'ನನಗೇನೋ ನೀವು ಹೇಳೋದು ನಿಜ ಅನ್ಸುತ್ತೆ ಮೇಷ್ಟ್ರೇ. ಆದ್ರೆ ನನಗೆ ಅನ್ಸೋದನ್ನ ಫೈಲಲ್ಲಿ ಇಡೋಕಾಗಲ್ಲ. ಎರಡು ಕಾಗದ ಒಂದಾದ ಮೇಲೆ ಬನ್ನಿ.'

ಬಚ್ಚಿಟ್ಟಿದ್ದರೆ ಆಯ್ಕೆಯಾಗುತ್ತಿದ್ದನೇನೋ. ಸೋದರಮಾವ ಇವತ್ತಿಗೂ ಹಾಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಂಕಪಟ್ಟಿ ಒಂದಲ್ಲ ಒಂದು ದಿನ ಹೊರಬರುತ್ತಿತ್ತು. ಆಗ ಹುಡುಗನ ಮೇಲೆ ಬೀಳುತ್ತಿದ್ದದ್ದು ವಂಚಕ ಅನ್ನುವ ಮುದ್ರೆ.

ಕೋರ್ಟು, ಮತ್ತು ಯಾರೂ ನೋಡದ ಒಂದು ಬಾಗಿಲು

ತಾಲ್ಲೂಕಿನ ಕೋರ್ಟಿನಲ್ಲಿ ದಾವೆ ಹಾಕಿದೆವು. ವಕೀಲರ ಫೀಸಿಗೆ ಅಪ್ಪ ಚೀಟಿ ಎತ್ತಿದರು. ವಾಯಿದೆ ಮೇಲೆ ವಾಯಿದೆ. ತಾಯಿ ಸಾಕ್ಷಿ ಹೇಳಿದರು, ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರು ಬಂದು ಸಾಕ್ಷಿ ಹೇಳಿದರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಕಟಕಟೆ ಹತ್ತಿ, 'ಹೌದು, ಅಂದಾಜಿಗೆ ನಾನೇ ಬರೆದೆ' ಅಂದರು. ಅಷ್ಟು ಧೈರ್ಯ ನನಗಾಗಲಿ ನಮ್ಮ ಮುಖ್ಯ ಶಿಕ್ಷಕರಿಗಾಗಲಿ ಇರಲಿಲ್ಲ. ತೀರ್ಪು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಗೋವಾದಲ್ಲಿ ಏಷ್ಯಾದ 16 ವರ್ಷದೊಳಗಿನವರ ಟೂರ್ನಿ ನಡೆಯುತ್ತಿತ್ತು. ಭಾರತದ ಆ ಹುಡುಗರು ಆಗಲೇ ವರ್ಷಗಟ್ಟಲೆ ಒಟ್ಟಿಗೆ ಪಳಗಿದ್ದರು. ತಿದ್ದಿದ ಅಂಕಪಟ್ಟಿ ನಮ್ಮ ಕೈ ಸೇರಿದ್ದು 2017ರ ಜನವರಿಗೆ. ವಿಶ್ವಕಪ್‌ಗೆ ಉಳಿದದ್ದು ಒಂಬತ್ತು ತಿಂಗಳು. ಮತ್ತೆ ಅದೇ ಒಂಬತ್ತು!

ಈಗ ನನಗೆ ನಾಚಿಕೆ ತರುವ ಭಾಗ. ರಾಷ್ಟ್ರೀಯ ತಂಡ ಅಂದರೆ ನಮ್ಮ ಕಣ್ಣಿಗೆ ಕಂಡದ್ದು ಆ ಒಂದು ವಿಶ್ವಕಪ್ ಮಾತ್ರ. 19 ವರ್ಷದೊಳಗಿನವರ ತಂಡವೂ ಭಾರತಕ್ಕಿದೆ. ಏಷ್ಯಾದ 2018ರ 19 ವರ್ಷದೊಳಗಿನವರ ಟೂರ್ನಿಗೆ 1999ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಅರ್ಹರು, ಅದರ ಅರ್ಹತಾ ಪಂದ್ಯಗಳು 2017ರ ಕೊನೆಗೆ. ಅಂದರೆ ಆ ತಪ್ಪು ತಾರೀಖಿನಲ್ಲೇ, 1-6-1999ರಲ್ಲೇ, ಎಡಚ ಆ ತಂಡಕ್ಕೆ ಅರ್ಹನಾಗಿದ್ದ. ಕೋರ್ಟು ಬೇಡ, ಕುಪ್ಪಂ ಬೇಡ. ಎರಡು ವರ್ಷ ನೆಟ್ಟಗೆ ಆಟ ಕಲಿತಿದ್ದರೆ ಸಾಕಿತ್ತು. ಇದನ್ನು ನನಗೆ ಹೇಳಿದ್ದು ರಾಜ್ಯದ ಕಿರಿಯರ ತಂಡದ ಒಬ್ಬ ತರಬೇತುದಾರರು, ಟೀ ಕುಡಿಯುತ್ತಾ, ತೀರಾ ಸಹಜವಾಗಿ. ನನ್ನ ಟೀ ಆರಿ ಹೋಯಿತು.

ಹಾಗಂತ ತಾರೀಖು ತಿದ್ದಿಸಿದ್ದು ವ್ಯರ್ಥ ಅಂತಲ್ಲ. ಆಗಿನ ನಿಯಮದಲ್ಲಿ 1989ರ ಜನವರಿ 26 ಅಥವಾ ಆಮೇಲೆ ಹುಟ್ಟಿದವರು ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರವನ್ನೇ ಕೊಡಬೇಕಿತ್ತು. 2016ರ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಿದರು. ಪಾಸ್‌ಪೋರ್ಟ್ ಒಂದು ತಾರೀಖು, ಅಂಕಪಟ್ಟಿ ಇನ್ನೊಂದು ತಾರೀಖು ಹೇಳಿದ್ದರೆ ವಿದೇಶಕ್ಕೆ ಹೋಗುವ ತಂಡದಲ್ಲಿ ಅವನ ಪಾಡು ಏನಾಗುತ್ತಿತ್ತು? ತಿದ್ದಿಸಬೇಕಿತ್ತು. ತಿದ್ದಿಸುವುದೊಂದೇ ಕೆಲಸ ಅಂದುಕೊಂಡದ್ದು ತಪ್ಪು.

ಹದಿನೆಂಟು ದಿನ

2017ರ ಬೇಸಿಗೆ ಕಳೆದು 19 ವರ್ಷದೊಳಗಿನವರ ಶಿಬಿರಕ್ಕೆ ಅವನಿಗೆ ಕರೆ ಬಂತು. ಕಾಗದಗಳನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಭಾರತದ ಮುದ್ರೆ ಇರುವ ತರಬೇತಿ ಅಂಗಿ ಹಾಕಿಕೊಂಡ ಫೋಟೊ ಕಳಿಸಿದ. ತಾಯಿ ಅದನ್ನು ಡೇರಿಯಲ್ಲಿ ಎಲ್ಲರಿಗೂ ತೋರಿಸಿದರಂತೆ. ಹದಿನೆಂಟನೇ ದಿನ ಮನೆಗೆ ಕಳಿಸಿದರು.

ಬಂಗಾರಪೇಟೆ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಏನಂದರೋ ಅಂತ ಕೇಳಿದೆ.

'ಬಲಗಾಲಿಲ್ಲ ಅಂದ್ರು ಸಾ.'

ಅಷ್ಟೇ. ಆಮೇಲೆ ದಾರಿಯಲ್ಲಿ ಬಿಡಿಸಿ ಹೇಳಿದ. ಎದುರಾಳಿ ಅವನ ಎಡಗಾಲಿನ ಕಡೆಯಿಂದ ಮೇಲೆ ಬಿದ್ದರೆ ಬ್ಯಾಕ್ ಒಳಕ್ಕೆ ತಿರುಗಿ ಬಲಗಾಲಲ್ಲಿ ಚೆಂಡು ದಾಟಿಸಬೇಕು. ನಮ್ಮ ಜಿಲ್ಲೆಯಲ್ಲಿ ಯಾರೂ ಅವನ ಮೇಲೆ ಹಾಗೆ ಬೀಳುತ್ತಿರಲಿಲ್ಲ. ಅಲ್ಲಿ ಎರಡೇ ದಿನದಲ್ಲಿ ಎಲ್ಲರಿಗೂ ಗೊತ್ತಾಗಿಹೋಯಿತು. ಚೆಂಡು ಹಿಡಿದು, ಎಡಕ್ಕೇ ತಿರುಗಿ, ಗೆರೆಯಾಚೆ ಒದ್ದು, ಮತ್ತೆ ಹಿಡಿದು, ಮತ್ತೆ ಒದ್ದು. ತರಬೇತುದಾರರು ಒಳ್ಳೆಯವರೇ, ಒಂದು ವರ್ಷ ಮೊದಲೇ ಬಂದಿದ್ದರೆ ತಿದ್ದಬಹುದಿತ್ತು ಅಂದರಂತೆ.

ನಾನು ಡೈರಿ ಬರೆಯುವವನು. ಮನೆಗೆ ಬಂದು ಎರಡು ವರ್ಷದ ಪುಟ ತಿರುವಿದೆ. ಕಾಗದಕ್ಕಾಗಿ ನಾನು ಮಾಡಿದ ಪ್ರಯಾಣ 41. ಬಸ್ ಚಾರ್ಜು ಸಮೇತ ಬರೆದಿಟ್ಟಿದ್ದೆ. ಅಭ್ಯಾಸದ ಪುಟಗಳಲ್ಲಿ ಬಲಗಾಲು ಅನ್ನುವ ಪದ ಒಂದು ಕಡೆಯೂ ಇರಲಿಲ್ಲ. ಬದಲಿಗೆ, ಎಡಗಾಲಿಗೆ ಹಾಕ್ಕೊಳ್ಳೋ.

ಅದೇ ವರ್ಷ ಅಕ್ಟೋಬರ್ 9. ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಭಾರತ 82ನೇ ನಿಮಿಷದಲ್ಲಿ ಗೋಲು ಹೊಡೆಯಿತು, ಫಿಫಾ ವಿಶ್ವಕಪ್‌ಗಳಲ್ಲಿ ನಮ್ಮ ಮೊದಲ ಗೋಲು. ತಲೆಯಿಂದ ಚೆಂಡು ಗೋಲಿಗೆ ಹೊಡೆದವನು ಮಣಿಪುರದ ಜೀಕ್ಸನ್ ಸಿಂಗ್. ಮೈದಾನದ ಮೂಲೆಯಿಂದ ಕಾರ್ನರ್ ಒದ್ದವನು ಸಂಜೀವ್ ಸ್ಟಾಲಿನ್, ಬೆಂಗಳೂರಿನ ಹುಡುಗ, ಎಡಬದಿಯ ಬ್ಯಾಕ್. ಎಡಚನ ಜಾಗವೇ. ಸೋದರಮಾವನ ಮನೆಯಲ್ಲಿ ಎಲ್ಲರೂ ಕುಣಿದರು. ಎಡಚನೂ ಕುಣಿದನಂತೆ. ಒಂದು ನಿಮಿಷಕ್ಕೆ ಕೊಲಂಬಿಯಾ ಮತ್ತೊಂದು ಹೊಡೆದು 2-1 ಮಾಡಿದಾಗ ಎದ್ದು ಹೊರಗೆ ಹೋದ.

ಇದರಿಂದ ನಾನು ಕಲಿತದ್ದು

ಕಾಗದದ ಪಾಠ ಸುಲಭ. ಮಗು ಎಂಟನೇ ಕ್ಲಾಸಿಗೆ ಬಂದ ವಾರವೇ ಜನನ ಪ್ರಮಾಣಪತ್ರ ಮತ್ತು ಟಿ.ಸಿ. ಪಕ್ಕಪಕ್ಕ ಇಟ್ಟು ನೋಡಬೇಕು. ಹೆಸರಿನ ಅಂಕಣ ತುಂಬಿದೆಯಾ ನೋಡಬೇಕು. ಇಲ್ಲ ಅಂದರೆ ತಾಯಿಯನ್ನು ಕೇಳಬೇಕು, ಹೆರಿಗೆ ಎಲ್ಲಿ ಆಯಿತು ಅಂತ. ತಂದೆಯನ್ನು ಕೇಳಿ ಪ್ರಯೋಜನವಿಲ್ಲ, ಅವರು ಆ ದಿನ ಅಲ್ಲಿ ಇರುವುದೇ ಇಲ್ಲ. ಏನೇ ತಿದ್ದುವುದಿದ್ದರೂ ಒಂಬತ್ತನೇ ಕ್ಲಾಸು ಮುಗಿಯುವುದರೊಳಗೆ ಮುಗಿಸಬೇಕು. ಬಾಯಿಮಾತು ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರ ಅಂತ ಕಾಯ್ದೆ ತಿದ್ದಿದ್ದಾರೆ, ಹಾಗಾಗಿ ಜೂನ್ 1ರ ಸಂತತಿ ಮುಂದೊಂದು ದಿನ ಮುಗಿಯಬಹುದು. ಈಗ ಹೈಸ್ಕೂಲಿನಲ್ಲಿ ಇರುವವರು ಮಾತ್ರ ಅದಕ್ಕೂ ಮುಂಚಿನವರು.

ಇನ್ನೊಂದು ಪಾಠ ನನಗೆ ಜಾಸ್ತಿ ಕಷ್ಟದ್ದು. ಕಾಗದದ ಹೋರಾಟದಲ್ಲಿ ಒಂದು ಸುಖವಿದೆ. ಅನ್ಯಾಯ ಆಗಿದೆ, ನಾವು ಸರಿ, ಎದುರಿನವರು ತಪ್ಪು. ಓಡಾಡಿದರೆ ಏನೋ ಮಾಡುತ್ತಿದ್ದೇವೆ ಅನಿಸುತ್ತದೆ. ಗೋಡೆಗೆ ದಿನಾ ಇನ್ನೂರು ಸಲ ಬಲಗಾಲಲ್ಲಿ ಚೆಂಡು ಒದೆಸುವುದರಲ್ಲಿ ಆ ಸುಖ ಇಲ್ಲ. ಹುಡುಗನಿಗೂ ಬೇಜಾರು, ಮೇಷ್ಟ್ರಿಗೂ ಬೇಜಾರು. ನಾನು ಸುಖದ ಕೆಲಸ ಆರಿಸಿಕೊಂಡೆ. ಬೇರೆ ಯಾರಿಗಾದರೂ ಮೈದಾನದ ಜವಾಬ್ದಾರಿ ವಹಿಸಿ ಕೋರ್ಟಿಗೆ ಹೋಗಬಹುದಿತ್ತು. ಕೆಜಿಎಫ್‌ನಲ್ಲಿ ಹಳೇ ಆಟಗಾರರು ಎಷ್ಟು ಜನ ಸುಮ್ನೆ ಕೂತಿದ್ದರು! ಕೇಳಲಿಲ್ಲ. ಎಡಗಾಲು ದೇವರು ಕೊಟ್ಟದ್ದು ಅಂತ ಹೊಗಳುತ್ತಾ ಕೂತೆ.

ಈಗ ಎಡಚ ಬೆಂಗಳೂರಿನಲ್ಲಿ ಒಂದು ಸಂಸ್ಥೆಯ ತಂಡಕ್ಕೆ ಆಡುತ್ತಾನೆ, ಅಲ್ಲೇ ಕ್ರೀಡಾ ಕೋಟಾದಲ್ಲಿ ಕೆಲಸ. ಕೋರ್ಟಿನ ಖರ್ಚಿನ ಮಾತು ಬಂದರೆ ನಗುತ್ತಾನೆ. 'ನಿವೃತ್ತಿಗೆ ಒಂಬತ್ತು ತಿಂಗಳು ಜಾಸ್ತಿ ಸಿಗುತ್ತಲ್ಲ ಸಾ, ಸಂಬಳದ ಲೆಕ್ಕ ಹಾಕಿ.' ರಾಷ್ಟ್ರೀಯ ತಂಡದ ಮಾತು ಅವನಾಗಿ ಎತ್ತುವುದಿಲ್ಲ. ಆ ತರಬೇತಿ ಅಂಗಿ ತಾಯಿಯ ಟ್ರಂಕಿನಲ್ಲಿದೆ.

ತಿಂಗಳಿಗೆ ಎರಡು ಭಾನುವಾರ ಊರಿಗೆ ಬಂದು ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು, ಫ್ರಾನ್ಸ್ ವಿರುದ್ಧ ನಮ್ಮ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್ ಅನ್ನುವ ಕಥೆಯನ್ನು ನಾನು ಹಿಂದೆ ಅವನಿಗೆ ಹೇಳಿದ್ದೆ. ಅದನ್ನು ಅವನು ಬೇರೆಯದೇ ಕೆಲಸಕ್ಕೆ ಬಳಸಿಕೊಂಡಿದ್ದಾನೆ. ಅಭ್ಯಾಸದ ಮೊದಲ ಅರ್ಧ ಗಂಟೆ ಎಡಗಾಲಿನ ಹುಡುಗರು ಬಲಗಾಲಿಗೆ ಮಾತ್ರ ಶೂ ಹಾಕಬೇಕು. ಎಡಗಾಲು ಬರಿಗಾಲು. ಗಟ್ಟಿ ಚೆಂಡನ್ನು ಎರಡು ಸಲ ಬರಿ ಎಡಗಾಲಲ್ಲಿ ಒದ್ದು ನೋಡುತ್ತಾರೆ, ಮೂರನೇ ಸಲಕ್ಕೆ ತಾವಾಗಿಯೇ ಬಲಕ್ಕೆ ತಿರುಗುತ್ತಾರೆ. ಗೆರೆಯಾಚೆ ಬೇವಿನ ಮರದ ಕೆಳಗೆ ಎಡಗಾಲಿನ ಶೂಗಳು ಸಾಲಾಗಿ ಬಿದ್ದಿರುತ್ತವೆ. ಕಳೆದ ಭಾನುವಾರ ಎಣಿಸಿದೆ, ಐದಿದ್ದವು.